ಕೈಕೊಟ್ಟ ಕಂಟ್ರೋಲರ್: ಮೇಲ್ದರ್ಜೆಗೇರಿದ ಕಂಪ್ಯೂಟರಿನಲ್ಲಿ ದೋಷವನ್ನು ಎಲ್ಲಿ ಹುಡುಕಬೇಕು?

ದತ್ತಿ ಉಪನ್ಯಾಸದ ಮುದ್ರಿತ ಪಾಠ
ಚಾಂಗಿ ಬಿಸಿನೆಸ್ ಪಾರ್ಕ್, ಸಿಂಗಾಪುರ



ಮನೆಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡೋ ಪ್ರೊಸೆಸರೋ ಗ್ರಾಫಿಕ್ಸ್ ಕಾರ್ಡೋ ಬರುತ್ತದೆ. ಪರದೆ ಬೆಳಗುತ್ತದೆ, ಆಟ ಮೊದಲಿಗಿಂತ ನುಣುಪಾಗಿ ಓಡುತ್ತದೆ. ಆದರೆ ನಿನ್ನೆಯವರೆಗೆ ಸರಿಯಾಗಿದ್ದ ಯುಎಸ್‌ಬಿ ಗೇಮ್ ಕಂಟ್ರೋಲರ್ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಆಗ ಮನೆಯಲ್ಲಿ ಎರಡೇ ತೀರ್ಪು: ಒಂದೋ ಕಂಟ್ರೋಲರ್ ಹಾಳಾಗಿದೆ, ಇಲ್ಲವೋ ಭಾಗ ಜೋಡಿಸಿದವನು ಎಡವಟ್ಟು ಮಾಡಿದ್ದಾನೆ. ಸಿಂಗಾಪುರದ ಸಿಮ್ ಲಿಮ್ ಸ್ಕ್ವೇರ್ ಆಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ, ಅಂಗಡಿಕಟ್ಟೆಯ ಮೇಲೆ ಕೇಳಿಬರುವುದೂ ಈ ಎರಡೇ ಮಾತು. ನಾನು ಇಲ್ಲಿ ಮಂಡಿಸುವ ವಾದ ಬೇರೆ. ಇಂಥ ದೋಷ ಅನೇಕ ಸಲ ಯಾವ ವಸ್ತುವಿನೊಳಗೂ ಇರುವುದಿಲ್ಲ. ವಸ್ತುಗಳ ನಡುವಿನ ಒಪ್ಪಂದದಲ್ಲಿರುತ್ತದೆ. ಆ ಒಪ್ಪಂದಕ್ಕೆ ಕ್ರಮವಾದ ಮಜಲುಗಳಿವೆ. ಎಷ್ಟನೆಯ ಮಜಲಿನಲ್ಲಿ ಮಾತು ನಿಂತಿತು ಎಂದು ಕಂಡುಕೊಳ್ಳದೆ ಮಾಡಿದ ರಿಪೇರಿ, ಅದು ಫಲಿಸಿದಾಗಲೂ, ಬರೀ ಅದೃಷ್ಟ.

ಈ ಮಾತನ್ನು ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಆಡುವುದಕ್ಕೆ ಕಾರಣವಿದೆ. ಬ್ಯಾಂಕುಗಳ ತಾಂತ್ರಿಕ ವಿಭಾಗಗಳು ನೆಲೆ ನಿಂತಿರುವ ಜಾಗ ಇದು. ಡಿಬಿಎಸ್ ಬ್ಯಾಂಕಿನ ಏಷ್ಯಾ ಹಬ್ ಇರುವುದೂ ಇಲ್ಲಿಯೇ. ಒಂದು ಬದಲಾವಣೆ ಮಾಡಿದ ಮೇಲೆ ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬಗೆಯುವುದೇ ಇಲ್ಲಿ ಕೆಲಸ ಮಾಡುವ ಅನೇಕರ ಹೊಟ್ಟೆಪಾಡು. 2023ರ ಅಕ್ಟೋಬರ್ 14ರಂದು ಡಿಬಿಎಸ್ ಮತ್ತು ಸಿಟಿಬ್ಯಾಂಕ್‌ಗಳ ಸೇವೆ ಸಿಂಗಾಪುರದಲ್ಲಿ ಗಂಟೆಗಟ್ಟಲೆ ನಿಂತುಹೋಯಿತು. ಸುಮಾರು 25 ಲಕ್ಷ ಪಾವತಿ ಮತ್ತು ಎಟಿಎಂ ವಹಿವಾಟುಗಳು ನಡೆಯಲಿಲ್ಲ ಎಂದು ಸಂಸತ್ತಿಗೆ ತಿಳಿಸಲಾಯಿತು. ತೊಂದರೆ ಶುರುವಾದದ್ದು ಬ್ಯಾಂಕಿನ ತಂತ್ರಾಂಶದಲ್ಲಲ್ಲ, ಸರ್ವರ್‌ಗಳಲ್ಲೂ ಅಲ್ಲ. ಎರಡೂ ಬ್ಯಾಂಕುಗಳು ಬಳಸುತ್ತಿದ್ದ ಈಕ್ವಿನಿಕ್ಸ್ ದತ್ತಾಂಶ ಕೇಂದ್ರದಲ್ಲಿ ಶೀತಲೀಕರಣ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವ ಯೋಜಿತ ಕಾಮಗಾರಿ ನಡೆಯುತ್ತಿತ್ತು. ಗುತ್ತಿಗೆದಾರರ ಕಡೆಯಿಂದ ಹೋದ ಒಂದು ತಪ್ಪು ಸಂಕೇತದಿಂದ ತಂಪು ನೀರಿನ ತೊಟ್ಟಿಗಳ ಕವಾಟಗಳು ಮುಚ್ಚಿಕೊಂಡವು. ಕೋಣೆಗಳು ಕಾದವು, ಯಂತ್ರಗಳು ನಿಂತವು. ಎಟಿಎಂ ಮುಂದೆ ನಿಂತ ಗ್ರಾಹಕನಿಗೆ ಕಂಡದ್ದು ಹಣ ಬರಲಿಲ್ಲ ಎಂಬುದಷ್ಟೆ. ಕಾರಣವಿದ್ದದ್ದು ಅವನು ಊಹಿಸಲಾರದಷ್ಟು ದೂರದ ಮಜಲಿನಲ್ಲಿ. ಮೇಲ್ದರ್ಜೆಗೇರಿಸುವುದರ ಅಪಾಯದ ಸ್ವರೂಪವೇ ಇದು. ಬದಲಾಯಿಸಿದ್ದು ಒಂದು ಕಡೆ, ಕೆಡುವುದು ಇನ್ನೊಂದು ಕಡೆ. ಕಚೇರಿಯಲ್ಲಿ ಇದನ್ನು ಬಲ್ಲ ನಾವು ಮನೆಗೆ ಬಂದೊಡನೆ ಕಂಟ್ರೋಲರನ್ನೇ ದೂರುವುದು ಸೋಜಿಗ.

ಬದಲಾವಣೆಯಿಂದ ಒಪ್ಪಂದ ಮುರಿಯುವ ಈ ಸಂಗತಿ ಯುಎಸ್‌ಬಿಗಿಂತಲೂ ಹಳೆಯದು, ಅದರ ಚರಿತ್ರೆಯಲ್ಲಿ ಸಿಂಗಾಪುರಕ್ಕೂ ಪಾಲಿದೆ. 1981ರಲ್ಲಿ ಐಬಿಎಂ ಪಿಸಿಯ ಜತೆಗೆ ಜಾಯ್‌ಸ್ಟಿಕ್ ಜೋಡಿಸುವ ಪ್ರತ್ಯೇಕ ಕಾರ್ಡ್ ಬಂತು. ಅದೇ ವರ್ಷ ಸಿಂಗಾಪುರದಲ್ಲಿ ಸಿಮ್ ವಾಂಗ್ ಹೂ ಅವರು ಕಟ್ಟಿದ ಕ್ರಿಯೇಟಿವ್ ಟೆಕ್ನಾಲಜಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡನ್ನು ತಂದಿತು, ಅದರ ಬೆನ್ನ ಮೇಲೆಯೇ 15 ಪಿನ್ನಿನ ಗೇಮ್ ಪೋರ್ಟ್ ಇತ್ತು. ಧ್ವನಿಗಾಗಿ ಕಾರ್ಡ್ ಕೊಂಡವರಿಗೆಲ್ಲ ಜಾಯ್‌ಸ್ಟಿಕ್ಕಿನ ಕಿಂಡಿ ಪುಕ್ಕಟೆಯಾಗಿ ಸಿಕ್ಕಿತು. ಆ ಪೋರ್ಟ್ ಕೋಲಿನ ಸ್ಥಾನವನ್ನು ಅಂಕಿಯಾಗಿ ಕಳಿಸುತ್ತಿರಲಿಲ್ಲ. ಕೋಲು ವಾಲಿದಂತೆ ವಿದ್ಯುತ್ ನಿರೋಧ ಬದಲಾಗುತ್ತಿತ್ತು, ಅದಕ್ಕೆ ತಕ್ಕಂತೆ ಒಂದು ಕೆಪಾಸಿಟರ್ ತುಂಬಲು ಹಿಡಿಯುವ ಹೊತ್ತು ಹೆಚ್ಚು ಕಡಿಮೆಯಾಗುತ್ತಿತ್ತು, ಪ್ರೊಸೆಸರ್ ಆ ಹೊತ್ತನ್ನು ಎಣಿಸುತ್ತ ಕೂರುತ್ತಿತ್ತು. ಈಗ ಇದೇ ಪೆಟ್ಟಿಗೆಗೆ ಹೆಚ್ಚು ವೇಗದ ಪ್ರೊಸೆಸರ್ ಹಾಕಿ: ಅದೇ ಹೊತ್ತಿನಲ್ಲಿ ಎಣಿಕೆ ಏರುತ್ತದೆ, ಆಟದಲ್ಲಿನ ವಿಮಾನ ಒಂದೇ ಮಗ್ಗುಲಿಗೆ ವಾಲಿಬಿಡುತ್ತದೆ. ಕೋಲು ನೆಟ್ಟಗಿತ್ತು, ಕಾರ್ಡ್ ನೆಟ್ಟಗಿತ್ತು, ಪ್ರೊಸೆಸರ್ ಇನ್ನೂ ಚೆನ್ನಾಗಿತ್ತು. ಕೆಟ್ಟದ್ದು ಇವುಗಳ ನಡುವೆ ಕಾಲದ ಬಗ್ಗೆ ಇದ್ದ ಒಡಂಬಡಿಕೆ. ಅದಕ್ಕೆಂದೇ ಕೆಲವು ಗೇಮ್ ಕಾರ್ಡುಗಳಲ್ಲಿ ವೇಗ ಹೊಂದಿಸುವ ತಿರುಪು ಇರುತ್ತಿತ್ತು. ಮುಂದೆ ವಿಂಡೋಸ್ ವಿಸ್ಟಾ ಗೇಮ್ ಪೋರ್ಟಿನ ಬೆಂಬಲವನ್ನೇ ಕೈಬಿಟ್ಟಾಗ ಚೆನ್ನಾಗಿದ್ದ ಜಾಯ್‌ಸ್ಟಿಕ್ಕುಗಳೆಲ್ಲ ಹೊಸ ಕಂಪ್ಯೂಟರುಗಳ ಪಾಲಿಗೆ ಇಲ್ಲದಂತಾದವು.

ಯುಎಸ್‌ಬಿ ಈ ಗೋಜಲಿಗೆ ಉತ್ತರವಾಗಿ ಬಂತು. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಏಳು ಕಂಪನಿಗಳು ಕೂಡಿ ರೂಪಿಸಿದ ಇದರ ಮೊದಲ ಆವೃತ್ತಿ ಹೊರಬಂದದ್ದು 1996ರ ಜನವರಿಯಲ್ಲಿ. ವಡೋದರೆಯಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಅದರ ರೂವಾರಿಗಳಲ್ಲಿ ಒಬ್ಬರು. ಚುಚ್ಚಿದರೆ ಸಾಕು, ಕೆಲಸ ಮಾಡುತ್ತದೆ ಎಂಬುದು ಭರವಸೆ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದ ವೇದಿಕೆಯಲ್ಲಿ ಬಿಲ್ ಗೇಟ್ಸ್ ಎದುರೇ ಒಂದು ಸ್ಕ್ಯಾನರನ್ನು ಚುಚ್ಚಿದಾಗ ವಿಂಡೋಸ್ 98 ನೀಲಿ ಪರದೆ ತೋರಿಸಿ ಮಲಗಿತು. ಜನ ನಕ್ಕರು. ಆದರೆ ಭರವಸೆ ಸುಳ್ಳಾಗಿರಲಿಲ್ಲ, ಅದರ ಹಿಂದೆ ನಡೆಯುವ ಕೆಲಸ ಎಷ್ಟು ದೊಡ್ಡದೆಂದು ಬಯಲಾಗಿತ್ತು ಅಷ್ಟೆ. ಯುಎಸ್‌ಬಿ ಜಟಿಲತೆಯನ್ನು ಇಲ್ಲವಾಗಿಸಲಿಲ್ಲ. ಬಳಕೆದಾರನ ಕಣ್ಣಿಂದ ಮರೆಮಾಡಿತು. ಎಲ್ಲ ಹೊಂದಿಕೊಂಡಿರುವಾಗ ಮರೆಯಲ್ಲಿರುವುದೇ ಸುಖ. ಕಂಪ್ಯೂಟರಿನ ಒಡಲನ್ನೇ ಬದಲಾಯಿಸಿದ ದಿನ ಆ ತೆರೆಯನ್ನು ಸರಿಸಿ ನೋಡಬೇಕಾಗುತ್ತದೆ.

ತೆರೆಯ ಹಿಂದಿನ ಮೊದಲ ಮಜಲು ವಿದ್ಯುತ್ತಿನದು. ಸಾಮಾನ್ಯ ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಎರಡು ಮಾತುಕತೆಗೆ. ಬರೀ ಚಾರ್ಜ್ ಮಾಡಲೆಂದೇ ತಯಾರಾದ ಅಗ್ಗದ ಕೇಬಲುಗಳಲ್ಲಿ ಕೊನೆಯ ಎರಡು ಇರುವುದೇ ಇಲ್ಲ. ಕಂಟ್ರೋಲರಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಬಂದ ಸುದ್ದಿಯೇ ತಿಳಿಯುವುದಿಲ್ಲ. ದೀಪ ಉರಿಯಿತೆಂದು ಸಂಪರ್ಕ ಸರಿಯಿದೆ ಎಂದುಕೊಳ್ಳುವುದು ಮೊದಲ ಎಡವು. ಪೆಟ್ಟಿಗೆಯ ಮುಂಭಾಗದ ಪೋರ್ಟುಗಳು ಮದರ್‌ಬೋರ್ಡಿನ ಭಾಗವಲ್ಲ ಎಂಬುದನ್ನು ನೆನಪಿಡಬೇಕು. ಅಲ್ಲಿಂದ ಬರುವ ತಂತಿಯನ್ನು ಬೋರ್ಡಿನ ಮೇಲಿನ ಒಂಬತ್ತು ಪಿನ್ನಿನ ಗುಂಪಿಗೆ, ಯುಎಸ್‌ಬಿ 3.0 ಆದರೆ ಹತ್ತೊಂಬತ್ತು ಪಿನ್ನಿನ ಗುಂಪಿಗೆ, ಜೋಡಿಸಿರಬೇಕು. ಬೋರ್ಡ್ ಬದಲಿಸುವಾಗ ಈ ತಂತಿಯನ್ನು ಮರೆಯುವುದು ಸುಲಭ, ಓರೆಯಾಗಿ ತುರುಕಿ ಪಿನ್ ಬಗ್ಗಿಸುವುದು ಇನ್ನೂ ಸುಲಭ. ಬೋರ್ಡಿನ ಕೆಳ ಅಂಚಿನಲ್ಲಿ ಹಾಕಿದ ತಂತಿ ದಪ್ಪನೆಯ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಭರದಲ್ಲಿ ಸಡಿಲವಾಗುವುದೂ ಉಂಟು. ಅದೇ ಕಂಟ್ರೋಲರ್ ಅದೇ ಕೇಬಲಿನಲ್ಲಿ ಹಿಂಭಾಗದ ಪೋರ್ಟಿನಲ್ಲಿ ನಡೆದು ಮುಂಭಾಗದಲ್ಲಿ ನಡೆಯದಿದ್ದರೆ, ಮುಚ್ಚಳ ತೆಗೆದು ಮೊದಲು ನೋಡಬೇಕಾದ್ದು ಈ ತಂತಿಯನ್ನು.

ಎರಡನೆಯ ಮಜಲು ಪರಿಚಯದ್ದು. ಕಂಟ್ರೋಲರ್ ಚುಚ್ಚಿದೊಡನೆ ಅದರೊಳಗಿನ 1.5 ಕಿಲೋ ಓಮ್‌ನ ಒಂದು ಪುಟ್ಟ ನಿರೋಧಕ ಮಾತಿನ ತಂತಿಯೊಂದನ್ನು ಮೇಲಕ್ಕೆಳೆಯುತ್ತದೆ. ಯಾರೋ ಬಂದಿದ್ದಾರೆ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಅದರಿಂದ. ಕಂಪ್ಯೂಟರ್ ಬಂದವರನ್ನು ಒಮ್ಮೆ ರೀಸೆಟ್ ಮಾಡಿ, ವಿವರ ಕೇಳುತ್ತದೆ. ಕಂಟ್ರೋಲರ್ 18 ಬೈಟಿನ ಒಂದು ಪರಿಚಯಪತ್ರವನ್ನು, ಅಂದರೆ ಡಿಸ್ಕ್ರಿಪ್ಟರನ್ನು, ಒಪ್ಪಿಸುತ್ತದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಅದರಲ್ಲಿರುತ್ತವೆ: ಮೈಕ್ರೋಸಾಫ್ಟ್‌ನದಾದರೆ 045ಇ, ಸೋನಿಯದಾದರೆ 054ಸಿ. ಆಮೇಲೆ ವಿಳಾಸ ಸಿಗುತ್ತದೆ, ಎಷ್ಟು ವಿದ್ಯುತ್ ಎಳೆಯಬಹುದೆಂಬ ಒಪ್ಪಿಗೆ ಆಗುತ್ತದೆ, ಯುಎಸ್‌ಬಿ 2.0ದಲ್ಲಿ ಒಪ್ಪಿಗೆಗೆ ಮುಂಚೆ 100 ಮಿಲಿ ಆಂಪಿಯರ್, ಆನಂತರ ಹೆಚ್ಚೆಂದರೆ 500. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಡನೆ ಕೋಡ್ 43 ಬಂದು, ಡಿಸ್ಕ್ರಿಪ್ಟರ್ ಕೋರಿಕೆ ವಿಫಲವಾಯಿತು ಎಂದಿದ್ದರೆ ಮಾತು ಮುರಿದದ್ದು ಈ ಘಟ್ಟದಲ್ಲಿ. ಅಂದರೆ ವಿದ್ಯುತ್ ತಲುಪಿದೆ, ಬಂದ ಸುಳಿವೂ ಸಿಕ್ಕಿದೆ, ಪರಿಚಯಪತ್ರ ಕೈಸೇರಿಲ್ಲ. ಇಲ್ಲಿ ಆಟದ ಸೆಟ್ಟಿಂಗ್ ತಡಕುವುದು ವ್ಯರ್ಥ. ಕೇಬಲ್, ಹಬ್, ಪೋರ್ಟ್, ಮದರ್‌ಬೋರ್ಡಿನ ಬಯೋಸ್ ಇವೇ ಶಂಕಿತರು.

ಮೂರನೆಯದು ಡ್ರೈವರಿನ ಮಜಲು. ಪರಿಚಯವಾದ ಮೇಲೆ ಬಂದ ಸಾಧನವನ್ನು ಯಾವ ಡ್ರೈವರಿನ ಕೈಗೊಪ್ಪಿಸಬೇಕೆಂದು ವಿಂಡೋಸ್ ತೀರ್ಮಾನಿಸುತ್ತದೆ. ಕೀಬೋರ್ಡ್, ಮೌಸ್, ಡ್ಯುಯಲ್‌ಶಾಕ್ 4ರಂಥ ಕಂಟ್ರೋಲರುಗಳು ಎಚ್‌ಐಡಿ ಎಂಬ ಸಾಮಾನ್ಯ ವರ್ಗಕ್ಕೆ ಸೇರಿದವು. ಎಕ್ಸ್‌ಬಾಕ್ಸ್ 360ರ ಕಂಟ್ರೋಲರ್ ತಯಾರಕರದೇ ಪ್ರತ್ಯೇಕ ವರ್ಗದ್ದು, ಅದಕ್ಕೆ ತನ್ನದೇ ಡ್ರೈವರ್ ಬೇಕು. ಡ್ರೈವರ್ ಸಿಗದಿದ್ದರೆ ಬರುವುದು ಕೋಡ್ 28. ತನ್ನದೇ ಕ್ರಮಸಂಖ್ಯೆಯಿಲ್ಲದ ಸಾಧನವನ್ನು ವಿಂಡೋಸ್ ಪೋರ್ಟಿನ ಮೇಲಿಂದ ಗುರುತಿಟ್ಟುಕೊಳ್ಳುತ್ತದೆ. ಪೋರ್ಟ್ ಬದಲಾದರೆ ಅದರ ಲೆಕ್ಕದಲ್ಲಿ ಅದು ಹೊಸ ಸಾಧನ. ಮದರ್‌ಬೋರ್ಡ್ ಬದಲಾದಾಗ ಎಲ್ಲ ಪೋರ್ಟುಗಳೂ ಹೊಸವು, ಹಳೆಯ ದಾಖಲೆಗಳೆಲ್ಲ ವಾರಸುದಾರರಿಲ್ಲದೆ ಒಳಗೇ ಉಳಿಯುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದರೆ ಮಸುಕು ಬಣ್ಣದಲ್ಲಿ ಅವು ಸಾಲಾಗಿ ಕಾಣುತ್ತವೆ. ನಾಲ್ಕನೆಯ ಮಜಲು ಆಟದ್ದು. ಹಳೆಯ ಆಟಗಳು ಕಂಟ್ರೋಲರಿನ ಮಾತನ್ನು ಡೈರೆಕ್ಟ್‌ಇನ್‌ಪುಟ್ ಎಂಬ ಮಾರ್ಗದ ಮೂಲಕ ಕೇಳುತ್ತವೆ, 2005ರಿಂದೀಚೆಗೆ ಬಂದ ಎಕ್ಸ್‌ಇನ್‌ಪುಟ್ ಬೇರೆ ಬಗೆಯದು, ಅದು ನಾಲ್ಕೇ ಕಂಟ್ರೋಲರುಗಳನ್ನು ಬಲ್ಲದು. ಈ ಮಜಲನ್ನು ಬೇರ್ಪಡಿಸಲು ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ 'ಜಾಯ್ ಡಾಟ್ ಸಿಪಿಎಲ್' ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು. ತೆರೆಯುವ ಕಿಟಕಿಯ ಪರೀಕ್ಷಾ ಪುಟದಲ್ಲಿ ಗುಂಡಿ ಒತ್ತಿದಂತೆ ಅಂಕಿಯ ಚುಕ್ಕೆಗಳು ಕೆಂಪಗೆ ಹೊತ್ತಿಕೊಂಡರೆ ಮೊದಲ ಮೂರು ಮಜಲೂ ಸರಿಯಿವೆ; ಉಳಿದದ್ದು ಆಟದ ಜವಾಬ್ದಾರಿ. ಆ ಒಂದು ಕಿಟಕಿ ಅರ್ಧ ಊಹಾಪೋಹಗಳನ್ನು ಅಲ್ಲಿಗೇ ಮುಗಿಸುತ್ತದೆ.

ಮೇಲ್ದರ್ಜೆಗೇರಿಸುವುದೇ ಈ ಒಪ್ಪಂದವನ್ನು ಮುರಿಯುತ್ತದೆ ಎಂಬುದಕ್ಕೆ ಎರಡು ಸಾಕ್ಷ್ಯಗಳನ್ನು ಮುಂದಿಡುತ್ತೇನೆ. 2015ರಲ್ಲಿ ಇಂಟೆಲ್ ಸ್ಕೈಲೇಕ್ ಪ್ರೊಸೆಸರುಗಳ ಜತೆ 100 ಸರಣಿಯ ಚಿಪ್‌ಸೆಟ್ ತಂದಾಗ ಹಳೆಯ ಬಗೆಯ ಇಎಚ್‌ಸಿಐ ಯುಎಸ್‌ಬಿ ನಿಯಂತ್ರಕವನ್ನು ತೆಗೆದುಹಾಕಿ ಎಕ್ಸ್‌ಎಚ್‌ಸಿಐ ಒಂದನ್ನೇ ಉಳಿಸಿತು. ವಿಂಡೋಸ್ 7ರ ಅನುಸ್ಥಾಪನಾ ಡಿಸ್ಕಿಗೆ ಈ ಎರಡನೆಯದು ಗೊತ್ತೇ ಇರಲಿಲ್ಲ. ಹೊಸ ಬೋರ್ಡಿನ ಮೇಲೆ ವಿಂಡೋಸ್ 7 ಹಾಕಹೊರಟವರ ಕೀಬೋರ್ಡು, ಮೌಸು, ಕಂಟ್ರೋಲರು ಎಲ್ಲ ಒಟ್ಟಿಗೆ ಸತ್ತಂತಾದವು. ಇನ್ನೊಂದು 2021ರದು. ಎಎಂಡಿಯ 500 ಸರಣಿಯ ಮದರ್‌ಬೋರ್ಡುಗಳಲ್ಲಿ ಯುಎಸ್‌ಬಿ ಸಾಧನಗಳು ಆಗಾಗ ತಾವಾಗಿಯೇ ಕಳಚಿಕೊಳ್ಳುತ್ತಿವೆ ಎಂದು ಫೆಬ್ರವರಿಯಲ್ಲಿ ಆ ಕಂಪನಿ ಒಪ್ಪಿಕೊಂಡಿತು. ತಾತ್ಕಾಲಿಕ ಉಪಾಯಗಳಲ್ಲಿ ಒಂದು, ಗ್ರಾಫಿಕ್ಸ್ ಕಾರ್ಡಿನ ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು ನಾಲ್ಕನೆಯ ತಲೆಮಾರಿನಿಂದ ಮೂರನೆಯದಕ್ಕೆ ಇಳಿಸುವುದು. ಗ್ರಾಫಿಕ್ಸ್ ಕಾರ್ಡಿಗೂ ಕಂಟ್ರೋಲರಿಗೂ ಎತ್ತಣ ಸಂಬಂಧ ಎನಿಸುವಂಥ ಮಾತು ಅದು. ಆದರೆ ಎಎಂಡಿಯ ರೈಜನ್ ಪ್ರೊಸೆಸರಿನೊಳಗೇ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳೂ ಕೆಲವು ಯುಎಸ್‌ಬಿ ಪೋರ್ಟುಗಳ ನಿಯಂತ್ರಕವೂ ಇವೆ. ಒಂದರ ತೊಂದರೆ ಇನ್ನೊಂದರಲ್ಲಿ ತೋರಿದರೆ ಅಚ್ಚರಿಯಿಲ್ಲ. ಕೊನೆಗೆ ಪರಿಹಾರ ಬಂದದ್ದು ಅಜೀಸಾ 1.2.0.2 ಎಂಬ ಫರ್ಮ್‌ವೇರ್ ಆವೃತ್ತಿಯಾಗಿ, ಬಯೋಸ್ ನವೀಕರಣದ ಮೂಲಕ. ಅದು ಬರುವವರೆಗೆ ಹೊಸ ಕಂಟ್ರೋಲರ್ ಕೊಂಡವರಿಗಾಗಲಿ ವಿಂಡೋಸ್ ಅಳಿಸಿ ಮತ್ತೆ ಹಾಕಿದವರಿಗಾಗಲಿ ಅದರಿಂದ ದಕ್ಕುವಂಥದ್ದೇನೂ ಇರಲಿಲ್ಲ. ತಂತಿಯಿಲ್ಲದ ಕಂಟ್ರೋಲರುಗಳಿಗೆ ಮತ್ತೊಂದು ತೊಡಕಿದೆ. ಯುಎಸ್‌ಬಿ 3.0ದ ವೇಗದ ಮಾತುಕತೆ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಹೊಸ ಬೋರ್ಡಿನಲ್ಲಿ ಅಂಥ ಪೋರ್ಟುಗಳೇ ತುಂಬಿರುವಾಗ, ಕಂಟ್ರೋಲರಿನ ರಿಸೀವರನ್ನು ಒಂದು ಉದ್ದ ಕೇಬಲಿನ ತುದಿಗೆ ಸರಿಸುವುದರಿಂದಲೇ ಆಟ ಸುಧಾರಿಸಬಹುದು.

ಇನ್ನು ಆಕ್ಷೇಪಗಳು. ಇಷ್ಟೆಲ್ಲ ತರ್ಕ ಯಾಕೆ, ಪೋರ್ಟ್ ಬದಲಿಸಿ ನೋಡಿದರೆ ಹೆಚ್ಚಿನ ಸಲ ಸರಿಹೋಗುತ್ತದಲ್ಲ ಎಂಬುದು ಮೊದಲನೆಯದು. ಸರಿಹೋಗುತ್ತದೆ, ನಿಜ. ಆದರೆ ಪೋರ್ಟ್ ಬದಲಿಸಿದಾಗ ಬದಲಾಗುವುದು ಒಂದೇ ಸಂಗತಿಯಲ್ಲ. ಕಂಟ್ರೋಲರಿಗೆ ವಿದ್ಯುತ್ ಕಡಿದು ಮತ್ತೆ ಬರುತ್ತದೆ; ಬೇರೊಂದು ಹಬ್ ಅಥವಾ ನಿಯಂತ್ರಕದ ದಾರಿ ಸಿಗುತ್ತದೆ; ವಿಂಡೋಸ್ ಹೊಸ ದಾಖಲೆ ತೆರೆದು ಡ್ರೈವರನ್ನು ಮೊದಲಿಂದ ಜೋಡಿಸುತ್ತದೆ. ಮೂರರಲ್ಲಿ ಯಾವುದು ಫಲಿಸಿತು? ತಿಳಿಯಬೇಕಾದರೆ ಹಳೆಯ ಪೋರ್ಟಿಗೇ ಮತ್ತೆ ಚುಚ್ಚಿ ನೋಡಬೇಕು. ಅಲ್ಲಿಯೂ ನಡೆದರೆ ವಿದ್ಯುತ್ ಕಡಿದದ್ದೇ ಮದ್ದು. ನಡೆಯದಿದ್ದರೆ ಅಲ್ಲಿನ ದಾಖಲೆಯನ್ನು ಅಳಿಸಿ ಮತ್ತೊಮ್ಮೆ ನೋಡಬೇಕು. ಆಗಲೂ ಇಲ್ಲವೆಂದರೆ ಪೋರ್ಟೋ ಅದರ ಹಿಂದಿನ ದಾರಿಯೋ ದೋಷಿ. ಈ ಹಿಂದಿರುಗುವ ಹೆಜ್ಜೆಯನ್ನು ನಮ್ಮಲ್ಲಿ ಬಹುತೇಕರು ಇಡುವುದಿಲ್ಲ, ಹಾಗಾಗಿ ಮುಂದಿನ ತಿಂಗಳು ಅದೇ ರೋಗ ಮರುಕಳಿಸಿದಾಗ ಮತ್ತೆ ಮೊದಲಿಂದ ಶುರು. ಇದೇ ಜಾತಿಯ ಇನ್ನೊಂದು ಮೋಸ ಶಟ್‌ಡೌನ್ ಮಾಡುವುದರಲ್ಲಿದೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದರೂ ಕಾರ್ಯವ್ಯವಸ್ಥೆಯ ಒಳತಿರುಳು ಡಿಸ್ಕಿನ ಮೇಲೆ ಉಳಿದು ಹಾಗೆಯೇ ಮರಳುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗ. ಆಫ್ ಮಾಡಿ ಆನ್ ಮಾಡಿದರೂ ಹೋಗದ ತೊಂದರೆ ರೀಸ್ಟಾರ್ಟಿಗೆ ಹೋಗುವುದರಲ್ಲಿ ಪವಾಡವಿಲ್ಲ.

ಎರಡನೆಯ ಆಕ್ಷೇಪ ಹೊತ್ತಿನದು. ಸಿಂಗಾಪುರದಲ್ಲಿ ಎಂಜಿನಿಯರೊಬ್ಬರ ಸಂಜೆಯ ಬೆಲೆಗಿಂತ ಹೊಸ ಕಂಟ್ರೋಲರಿನ ಬೆಲೆ ಕಡಿಮೆ, ಹೊಸದು ತಂದರೆ ಮುಗಿಯಿತಲ್ಲ? ಮುಗಿಯುತ್ತದೆ, ದೋಷ ಕಂಟ್ರೋಲರಿನಲ್ಲೇ ಇದ್ದಲ್ಲಿ. ಇಲ್ಲದಿದ್ದರೆ ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ ನೀರೆತ್ತದಿದ್ದರೆ ರೈತ ಮೂರು ಫೇಸ್ ಇದೆಯೇ ನೋಡುತ್ತಾನೆ, ಸ್ಟಾರ್ಟರ್ ಹಿಡಿಯುತ್ತದೆಯೇ ನೋಡುತ್ತಾನೆ, ಫುಟ್‌ವಾಲ್ವ್ ನೋಡುತ್ತಾನೆ. ಹೊಸ ಬಾವಿ ತೋಡಲು ಹೋಗುವುದಿಲ್ಲ. ಕ್ರಮವಿದ್ದರೆ ಪರೀಕ್ಷೆಗೆ ಹೊತ್ತು ಹಿಡಿಯುವುದೂ ಇಲ್ಲ. ಇನ್ನೊಂದು ಕಂಪ್ಯೂಟರಿಗೆ ಕಂಟ್ರೋಲರ್ ಚುಚ್ಚಿ ನೋಡುವುದು, ಕೇಬಲ್ ಬದಲಿಸುವುದು, ಹಬ್ ಬಿಟ್ಟು ಹಿಂದಿನ ಪೋರ್ಟಿಗೆ ನೇರ ಜೋಡಿಸುವುದು, ಡಿವೈಸ್ ಮ್ಯಾನೇಜರಿನ ಕೋಡ್ ಓದುವುದು, ಇವು ನಿಮಿಷಗಳ ಕೆಲಸ. ಜತೆಗೆ ಈ ದ್ವೀಪದಲ್ಲಿ ವರ್ಷಕ್ಕೆ ಸುಮಾರು 60,000 ಟನ್ ಇ-ತ್ಯಾಜ್ಯ ಬೀಳುತ್ತದೆ. ಅದನ್ನು ಸಂಗ್ರಹಿಸುವ ಹೊಣೆಯನ್ನು 2021ರ ಜುಲೈಯಿಂದ ತಯಾರಕರ ಮೇಲೂ ಕಾನೂನು ಹೊರಿಸಿದೆ. ಕೆಡದ ವಸ್ತುವನ್ನು ಕೆಟ್ಟಿದೆ ಎಂದು ಆ ರಾಶಿಗೆ ಸೇರಿಸುವುದಕ್ಕೆ ಮಾತ್ರ ಯಾವ ಕಾನೂನೂ ತಡೆಯಾಗದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದುದು. ಚುಚ್ಚಿದರೆ ಸಾಕೆಂದು ಭರವಸೆ ಕೊಟ್ಟು ಮಾರಿದವರು ಕಂಪನಿಗಳು. ಅವರ ಹೊರೆಯನ್ನು ಬಳಕೆದಾರನ ತಲೆಗೆ ಕಟ್ಟುವುದು ನ್ಯಾಯವೇ? ನ್ಯಾಯವಲ್ಲ ಎಂದೇ ನನ್ನ ಉತ್ತರ. ಆದರೆ ಆ ಹೊರೆಯನ್ನು ಮರಳಿ ಅವರ ಬಾಗಿಲಿಗೆ ಮುಟ್ಟಿಸಲು ಬೇಕಾದ ಸಾಧನವೂ ಇದೇ ಪತ್ತೆದಾರಿಕೆ. 2021ರಲ್ಲಿ ಎಎಂಡಿ ದೋಷವನ್ನು ಬಗೆಹರಿಸಲು ಹೊರಟಾಗ ಬಳಕೆದಾರರಿಂದ ಕೇಳಿದ್ದು ಇವನ್ನೇ: ಯಾವ ಬೋರ್ಡು, ಯಾವ ಭಾಗಗಳು, ಏನು ಮಾಡಿದಾಗ ತೊಂದರೆ ಮರುಕಳಿಸುತ್ತದೆ, ದಾಖಲೆಯ ಕಡತಗಳೇನು ಹೇಳುತ್ತವೆ. 'ಕಂಟ್ರೋಲರ್ ವರ್ಕ್ ಆಗ್ತಿಲ್ಲ' ಎಂಬ ದೂರನ್ನು ಯಾವ ಸೇವಾಕೇಂದ್ರವೂ ಸುಲಭವಾಗಿ ತಳ್ಳಿಹಾಕಬಲ್ಲದು. ಹಿಂದಿನ ನಾಲ್ಕು ಪೋರ್ಟುಗಳಲ್ಲಿ ಎರಡರಲ್ಲಿ ಮಾತ್ರ ಕೋಡ್ 43 ಬರುತ್ತದೆ, ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಕಂಟ್ರೋಲರ್ ಅದೇ ಕೇಬಲಿನಲ್ಲಿ ನಡೆಯುತ್ತದೆ ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ. ಆಟಿಕೆಯ ವಿಷಯಕ್ಕೆ ಇಷ್ಟೊಂದು ಗಾಂಭೀರ್ಯ ಬೇಕೇ ಎನ್ನುವವರು 2018ರಲ್ಲಿ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರನ್ನು ಗಮನಿಸಬೇಕು. ಕೈ ಬೆರಳು ಸ್ವಾಧೀನದಲ್ಲಿಲ್ಲದವರು ತಮಗೆ ಒಗ್ಗುವ ಗುಂಡಿ, ಪೆಡಲುಗಳನ್ನು ಜೋಡಿಸಿಕೊಳ್ಳಲೆಂದು ಅದರ ಹಿಂಬದಿಯಲ್ಲಿ 19 ಕಿಂಡಿಗಳಿವೆ. ಅಂಥವರಿಗೆ ಕಂಟ್ರೋಲರ್ ಕಳಚಿಕೊಂಡರೆ ಗೆಳೆಯರೊಡನೆ ಕೂಡಿ ಆಡುವ ದಾರಿಯೇ ಮುಚ್ಚುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕಚೇರಿಯ ಶಿಸ್ತಿನ ಎರಡು ಅಂಶಗಳನ್ನು ಮನೆಗೆ ತಂದರೆ ಸಾಕು. ಮೊದಲನೆಯದು, ಬದಲಾವಣೆಗೆ ಮುಂಚಿನ ಸ್ಥಿತಿಯನ್ನು ಬರೆದಿಡುವುದು: ಯಾವ ಸಾಧನ ಯಾವ ಪೋರ್ಟಿನಲ್ಲಿ ನಡೆಯುತ್ತಿತ್ತು, ಬಯೋಸ್ ಆವೃತ್ತಿ ಯಾವುದು, ಮುಂಭಾಗದ ತಂತಿಗಳು ಎಲ್ಲಿ ಕೂತಿದ್ದವು. ಮುಚ್ಚಳ ತೆಗೆದೊಡನೆ ಫೋನಿನಲ್ಲಿ ತೆಗೆದ ಒಂದು ಫೋಟೋ ಇದರಲ್ಲಿ ಬಹುಪಾಲನ್ನು ಹಿಡಿದಿಡುತ್ತದೆ. ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ ಮೂರನ್ನೂ ಒಂದೇ ಸಂಜೆ ಬದಲಿಸಿದವರು ದೋಷದ ಜಾಡನ್ನು ತಾವೇ ಅಳಿಸಿರುತ್ತಾರೆ. ಸರಣಿ ವ್ಯತ್ಯಯಗಳ ನಂತರ 2023ರ ನವೆಂಬರಿನಲ್ಲಿ ಸಿಂಗಾಪುರದ ಹಣಕಾಸು ಪ್ರಾಧಿಕಾರ ಡಿಬಿಎಸ್‌ಗೆ ವಿಧಿಸಿದ ಕ್ರಮವೂ ಈ ತತ್ವದ್ದೇ: ಅಗತ್ಯವಲ್ಲದ ತಾಂತ್ರಿಕ ಬದಲಾವಣೆಗಳಿಗೆ ಆರು ತಿಂಗಳ ತಡೆ. ಕೋಟ್ಯಂತರ ಡಾಲರಿನ ವ್ಯವಸ್ಥೆಗೆ ಬೇಕಾದ ಸಂಯಮ ಮೇಜಿನ ಮೇಲಿನ ಪೆಟ್ಟಿಗೆಗೆ ಬೇಡವೆನ್ನಲು ಕಾರಣ ಕಾಣೆ.

ಈ ವಾದದ ಮಿತಿಯನ್ನೂ ಹೇಳಿಬಿಡುವುದು ಒಳ್ಳೆಯದು. ಎಲ್ಲ ಮಜಲುಗಳನ್ನೂ ದಾಟಿದ ಮೇಲೆ, ಮೂರು ಕಂಪ್ಯೂಟರುಗಳಲ್ಲಿ ಎರಡು ಕೇಬಲುಗಳಿಂದಲೂ ಪರಿಚಯಪತ್ರ ಕೊಡದ ಕಂಟ್ರೋಲರ್ ಸಿಕ್ಕೇ ಸಿಗುತ್ತದೆ. ಅದರ ಕಿಂಡಿಯ ಬೆಸುಗೆ ಬಿಟ್ಟಿರಬಹುದು, ಚಿಪ್ ಸುಟ್ಟಿರಬಹುದು. ಮೇಲ್ದರ್ಜೆಗೇರಿಸಿದ ದಿನವೇ ಅದು ಕೆಟ್ಟದ್ದು ಬರೀ ಕಾಕತಾಳೀಯ. ಆಗ ಹೊಸದು ಕೊಳ್ಳುವುದೇ ಸರಿ. ಆರಂಭದಲ್ಲಿ ಮನೆಯವರು ಕೊಟ್ಟ ತೀರ್ಪೂ ಇದೇ ಆಗಿತ್ತಲ್ಲ ಎಂದು ಯಾರಾದರೂ ಕೇಳಬಹುದು. ತೀರ್ಪು ಅದೇ ಇರಬಹುದು, ಆದರೆ ಈಗ ಅದಕ್ಕೆ ಸಾಕ್ಷಿಯಿದೆ. ಹೊಸ ಕಂಟ್ರೋಲರ್ ಈ ಕಂಪ್ಯೂಟರಿನಲ್ಲಿ ನಡೆಯುತ್ತದೆ ಎಂದು ಹಣ ಕೊಡುವ ಮುಂಚೆಯೇ ಧೈರ್ಯವಾಗಿ ಹೇಳಬಹುದು.